ಶಿಷ್ಯರನ್ನು ಕಾಣದ ಗುರು

ಗುರುವಾದವನು ತನ್ನ ಶಿಷ್ಯನನ್ನು ಕಣ್ಣಾರೆ ಕಂಡಿರಲೇಬೇಕೆ? ಏಕಲವ್ಯನ ಕಥೆಯನ್ನು ಕೇಳಿದವರೆಲ್ಲರನ್ನೂ ಈ ಪ್ರಶ್ನೆಯು ಕಾಡಿರುವುದು. ಈಗ ನಡುವಯಸ್ಸನ್ನು ಮುಟ್ಟಿರುವ ನಮ್ಮ ಪೀಳಿಗೆಗಾದರೋ ಅದು ಪ್ರೊಫೆಸರ್ ಯಶ್ ಪಾಲರ ನೆನಪಿನೊಡನೆ ಮತ್ತೆ ಎದುರಾಗುವುದು.

೧೯೯೧ರಲ್ಲಿ ದೂರದರ್ಶನದಲ್ಲಿ 'ಟರ್ನಿಂಗ್ ಪಾಯಿಂಟ್' ಎಂಬ ವಿಜ್ಞಾನಮಾಲಿಕೆಯು ಆರಂಭವಾಯಿತು. ಅದನ್ನು ನಡೆಸಿಕೊಟ್ಟವರಲ್ಲಿ ನಮ್ಮ ಗಿರೀಶ ಕಾರ್ನಾಡರೂ ಒಬ್ಬರು. ಆದರೆ ಬಾಲಕರಾದ ನಾವು ಕಾದು ಕುಳಿತಿರುತ್ತಿದ್ದುದು, ನೋಡುಗರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದ, ನರೆಗೂದಲಿನ ಆ ಹಿರಿಯರಿಗಾಗಿ. ಮನೆಯಲ್ಲಿ ಕೇಳಿದರೆ "ಸುಮ್ಮನಿರು" ಎಂಬ ಉತ್ತರವೇ ದೊರೆಯುವಂತಹ ಪ್ರಶ್ನೆಗಳನ್ನು ಅವರು ಆದರದಿಂದ ಎತ್ತಿಕೊಳ್ಳುತ್ತಿದ್ದರು. ವಿಶ್ವಕಿರಣಗಳ ಸಂಶೋಧನೆಯಲ್ಲಿ ಹೆಸರಾದ ವಿದ್ವಾಂಸರು ಮಕ್ಕಳ ಮಾತಿಗೆ ಕಿವಿಗೊಡುವರೆಂಬುದೇ ನಮಗೆ ಸೋಜಿಗವಾಗಿತ್ತು. ೧೯೯೫ನೆಯ ಅಕ್ಟೋಬರ್ ೨೪ರಂದು ಸಂಪೂರ್ಣ ಸೂರ್ಯಗ್ರಹಣವಾದಾಗ, ಬಾಗಿಲು ಮುಚ್ಚಿದ ಎಷ್ಟೋ ಮನೆಗಳೊಳಕ್ಕೆ ಆ ಬಿಂಬವನ್ನೂ ಅದರ ಅರ್ಥವನ್ನೂ ತಂದವರು ಅವರೇ.

ಕಾಣದವರಿಗೆ ಕಲಿಸುವ ಈ ಕೆಲಸ ಅವರಿಗೆ ಹೊಸದಾಗಿರಲಿಲ್ಲ. ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ೨೪೦೦ ಹಳ್ಳಿಗಳಿಗೆ ಪಾಠಗಳನ್ನು ಮುಟ್ಟಿಸಿದ ಪ್ರಯೋಗದ ಕಾಲದಲ್ಲಿ, ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರದ ನಿರ್ದೇಶಕರಾಗಿದ್ದವರು ಅವರು. ರಾಯಚೂರು, ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು.

ದ್ರೋಣನು ಕಲಿಸದೆಯೇ ಹೆಬ್ಬೆರಳನ್ನು ಬೇಡಿದನು. ಇವರು ಕಲಿಸಿಯೂ ಏನನ್ನೂ ಬೇಡಲಿಲ್ಲವೆಂದು ನಾವು ಹೇಳಿಕೊಳ್ಳುತ್ತೇವೆ. ಬೇಡದ ಗುರುವನ್ನು ಪ್ರೀತಿಸುವುದು ಬಹು ಸುಲಭ; ಆ ಪ್ರೀತಿಯಲ್ಲಿ ನಮ್ಮ ಬಾಲ್ಯದ ಮೇಲಣ ಮೋಹವೆಷ್ಟು, ಗುರುಭಕ್ತಿಯೆಷ್ಟು ಎಂದು ಬೇರ್ಪಡಿಸುವುದು ಮಾತ್ರ ಕಷ್ಟ. ಅಲ್ಲದೆ, ಅವರು ಬೇಡಲಿಲ್ಲವೆಂಬುದೂ ನಿಜವಲ್ಲ. ಶಾಲಾಮಕ್ಕಳ ಹೊರೆಯನ್ನು ಕುರಿತು ಸರ್ಕಾರವು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಚೀಲದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರವೇ ಘೋರವಾದುದೆಂದು ೧೯೯೩ರ ವರದಿಯಲ್ಲಿ ಆ ಸಮಿತಿಯು ಸ್ಪಷ್ಟವಾಗಿ ಸಾರಿತು. ಗುರುದಕ್ಷಿಣೆಯನ್ನು ಇದಕ್ಕಿಂತ ಬಿಡಿಸಿ ಕೇಳುವುದು ಹೇಗೆ?

ಅಂದಿನ ಆ ಬಾಲಕರೇ ಇಂದು ತಂದೆತಾಯಿಗಳು. ಬೆಳಕು ಹರಿಯುವ ಮೊದಲೇ ಮಕ್ಕಳನ್ನೆಬ್ಬಿಸಿ ಕೋಚಿಂಗಿಗೆ ಕಳುಹಿಸುವವರೂ ನಾವೇ. ಪ್ರವೇಶಪರೀಕ್ಷೆಗಳಿರುವ ಲೋಕದಲ್ಲಿ ಒಬ್ಬ ತಂದೆಯು ತತ್ತ್ವಕ್ಕಾಗಿ ಮಗಳ ಸೀಟನ್ನು ಬಲಿಗೊಡಬೇಕೆ ಎಂದು ಕೇಳುವವರುಂಟು. ಈ ಆಕ್ಷೇಪವು ಹಗುರವಾದುದಲ್ಲ. ಮಗುವಿನ ಬದುಕನ್ನು ಪಣವಾಗಿಟ್ಟು ಗುರುಋಣವನ್ನು ತೀರಿಸೆಂದು ಯಾರಿಗೂ ಹೇಳಲಾಗದು. ಆದರೆ ಅವರು ಕೇಳಿದ್ದರಲ್ಲಿ ಸೀಟಿಗೂ ಅಂಕಕ್ಕೂ ಚ್ಯುತಿ ಬಾರದಂತೆ ಕೊಡಬಹುದಾದ ಪಾಲೊಂದಿದೆ. ಅದನ್ನಾದರೂ ಕೊಟ್ಟಿರುವೆವೆ?

೨೦೧೭ನೆಯ ಜುಲೈ ೨೪ರಂದು ಅವರು ತೀರಿಕೊಂಡಾಗ ನಮ್ಮಲ್ಲಿ ಅನೇಕರು ಕಣ್ಣೀರಿಟ್ಟೆವು. ಅದೇ ಸಂಜೆ ಎಷ್ಟು ಮನೆಗಳಲ್ಲಿ ಮಗುವೊಂದು ಪಾಠದಲ್ಲಿಲ್ಲದ ಪ್ರಶ್ನೆಯನ್ನು ಕೇಳಿ, "ಅದು ಪರೀಕ್ಷೆಗೆ ಬರುವುದಿಲ್ಲ, ಮುಂದೆ ಓದು" ಎಂಬ ಉತ್ತರವನ್ನು ಪಡೆಯಿತೋ!