ಮದುವೆ ಪಟ್ಟಿಯಿಂದ ಏನು ತೆಗೆಯೋದು, ಯಾರನ್ನು ತೆಗೆಯೋದು?

ಹೋದ ವಾರ ನಮ್ಮ ಯೌವನಸ್ಥರ ಕೂಟದ ಒಬ್ಬ ತಮ್ಮ, ನವಲಗುಂದದ ಕಡೆಯವನೇ, ತನ್ನ ಮದುವೆಯ ಲೆಕ್ಕವನ್ನು ಮೊಬೈಲಿನಲ್ಲಿ ತೋರಿಸಿದ. "ಪಾಸ್ಟರ್, ಸಾಲ ಮಾಡೂದಿಲ್ರಿ. ನೂರ ಮಂದಿ ಅಷ್ಟ. ಊರಾಗಿನವರನ್ನ ಕರಿಯೂದಿಲ್ಲ." ಸಾಲ ಮಾಡೋದಿಲ್ಲ ಅಂದಿದ್ದಕ್ಕೆ ದೇವರಿಗೆ ಸ್ತೋತ್ರ ಅಂದೆ. ಆಮೇಲೆ ಪಟ್ಟಿ ಓದಿದೆ. ಫೋಟೊ ಶೂಟ್ ಇತ್ತು, ಡ್ರೋನ್ ಇತ್ತು, ಸ್ಟೇಜಿನ ಹೂವಿಗೇ ಒಂದು ದೊಡ್ಡ ಮೊತ್ತ ಇತ್ತು. ಊರಲ್ಲಿರೋ ಅವನ ದೊಡ್ಡಪ್ಪನ ಹೆಸರು ಇರಲಿಲ್ಲ.

ಪ್ರಿಯರೇ, ನಾನು ದೊಡ್ಡ ಮದುವೆಯ ಪರ ಮಾತಾಡ್ತಿಲ್ಲ. ನಮ್ಮ ಅಕ್ಕನ ಮದುವೆಗೆ ಅಪ್ಪ ದಲಾಲಿ ಅಂಗಡಿಯಲ್ಲಿ ಸಾಲ ತಂದರು, ಹೆಸರು ಬಂದ ಮೇಲೆ ತೀರಿಸ್ತೀನಿ ಅಂತ. ಆ ವರ್ಷ ಬೆಣ್ಣಿಹಳ್ಳ ಹೊಲಕ್ಕೆ ನುಗ್ಗಿತು. ಎರಿ ಭೂಮಿ, ನಿಂತ ನೀರು ಬೇಗ ಇಂಗೋದಿಲ್ಲ. ಹೆಸರು ಗಿಡದಲ್ಲೇ ಮೊಳೆಯಿತು. ಆ ಸಾಲ ತೀರೋಕೆ ಆರು ವರ್ಷ ಬೇಕಾಯಿತು. ಅಕ್ಕ ತವರಿಗೆ ಬಂದಾಗಲೆಲ್ಲ ಅಪ್ಪನ ಮುಖ ನೋಡಿ ಸುಮ್ಮನೆ ಕೂತುಬಿಡುತ್ತಿದ್ದಳು.

ಆದರೆ ಆ ದುಡ್ಡು ಹೋಗಿದ್ದೆಲ್ಲಿಗೆ? ಊಟಕ್ಕಲ್ಲ. ಗೋಧಿ ಹುಗ್ಗಿ, ಬದನಿಕಾಯಿ ಪಲ್ಯ, ಅನ್ನ, ಸಾರು. ಓಣಿಯವರೇ ಮಾಡಿದರು. ಮನೆಮನೆಯಿಂದ ಜಮಖಾನ ತಂದು ಹಾಸಿದರು. ಸಾಲ ಹೋಗಿದ್ದು ಬಂಗಾರಕ್ಕೆ, ಬ್ಯಾಂಡಿಗೆ, ಆಹೇರಿಗೆ (ಯಾರೂ ಉಡದ ಸೀರೆ, ಒಂದು ಟ್ರಂಕಿನಿಂದ ಇನ್ನೊಂದು ಟ್ರಂಕಿಗೆ ಹೋಗೋ ಸೀರೆ), ಮತ್ತೆ ಗಂಡಿನ ಕಡೆಯವರು "ನೀವಾಗೇ ತಿಳಿದು ಕೊಡ್ರಿ" ಅಂದಿದ್ದಕ್ಕೆ. 1961ರಿಂದ ವರದಕ್ಷಿಣೆ ಕಾನೂನಿಗೆ ವಿರುದ್ಧ. ವಿಶ್ವಾಸಿಗಳ ಮನೆಯಲ್ಲಿ ಅದಕ್ಕೆ 'ಗಿಫ್ಟ್' ಅಂತ ಹೆಸರು.

ಮದುವೆಗೆ ನಿಜವಾಗಿ ಬೇಕಾಗಿದ್ದೇನು? 1872ರ ಕ್ರಿಶ್ಚಿಯನ್ ವಿವಾಹ ಕಾಯಿದೆ ಹೂವು ಕೇಳೋದಿಲ್ಲ. ಮದುವೆ ನಡೆಸೋ ಅಧಿಕಾರ ಇರೋ ಸೇವಕ, ಅವನ ಹೊರತಾಗಿ ಕನಿಷ್ಠ ಇಬ್ಬರು ಸಾಕ್ಷಿಗಳು. 1966ರಲ್ಲಿ ಕುವೆಂಪು ಅವರು ಮಗ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದ ಸರಳ ವಿಧಿಯಲ್ಲಿ ಮಾಡಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೀತಾ ಇದೆ. ಅವರ ದಾರಿ ಬೇರೆ, ನಮ್ಮ ನಂಬಿಕೆ ಬೇರೆ. ಆದರೂ ಈ ವಿಷಯದಲ್ಲಿ ಅವರು ನಮಗಿಂತ ಮುಂಚೆ ಎಚ್ಚೆತ್ತರು ಅಂತ ಹೇಳೋಕೆ ನನಗೆ ನಾಚಿಕೆ ಇಲ್ಲ.

ಈಗ ಲೂಕ 14 ನೋಡಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕ್ತಾನೆ ಅನ್ನೋ ಮಾತು ಅಲ್ಲಿದೆ. ನಮ್ಮ ತಮ್ಮನಿಗೆ ಅದು ಬಾಯಿಪಾಠ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ, ತಿರುಗಿ ಊಟಕ್ಕೆ ಕರೆಯಬಲ್ಲವರನ್ನಲ್ಲ, ಕರೆಯಲಾರದವರನ್ನು ಕರಿ ಅಂತ ಯೇಸು ಸ್ವಾಮಿ ಹೇಳ್ತಾರೆ. ನಮ್ಮಲ್ಲಿ ಮುಯ್ಯಿ ಬರೆಯೋ ವಹಿ ಇದೆ. ಯಾರು ಎಷ್ಟು ಹಾಕಿದರು, ನಾವು ಎಷ್ಟು ತಿರುಗಿಸಬೇಕು. ಅದು ಕೆಟ್ಟದ್ದು ಅನ್ನಲಾರೆ, ಬಡವರು ಬಡವರಿಗೆ ಕೈ ಹಿಡಿದದ್ದೂ ಆ ವಹಿಯಿಂದಲೇ. ಆದರೆ ಕರೆಯೋ ಪಟ್ಟಿಯನ್ನು ಆ ವಹಿ ನೋಡಿ ಮಾಡಿದರೆ ದೊಡ್ಡಪ್ಪ ಹೊರಗೇ ಉಳೀತಾನೆ. ಅವನು ಹಾಕೋದು ಐವತ್ತು ರೂಪಾಯಿ.

"ಹಾಲಿನವರು ಒಂದು ಎಲೆಗೆ ಇಷ್ಟು ಅಂತಾರ್ರಿ ಪಾಸ್ಟರ್, ಹೆಂಗ ಕರೀಲಿ?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ಸಭೆಯ ಅಂಗಳ ಇದೆಯಲ್ಲ, ಅಂದೆ. ಒಂದೇ ಸಿಹಿ ಮಾಡು.

ಕಾನಾ ಊರಿನ ಮದುವೆಮನೆಯಲ್ಲೂ ಬಜೆಟ್ ಸಾಲಲಿಲ್ಲ. ಆರು ಕಲ್ಲಿನ ಬಾನೆಗಳು, ಒಂದೊಂದು ಸುಮಾರು 80ರಿಂದ 120 ಲೀಟರ್ ಹಿಡಿಯುವಂಥವು. ದ್ರಾಕ್ಷಾರಸ ಎಲ್ಲಿಂದ ಬಂತು ಅಂತ ಪಾರುಪತ್ಯಗಾರನಿಗೇ ಗೊತ್ತಾಗಲಿಲ್ಲ, ನೀರು ತುಂಬಿದ ಸೇವಕರಿಗಷ್ಟೇ ಗೊತ್ತು. ಆ ಮನೆಯವರ ಮರ್ಯಾದೆ ಉಳಿಯಿತು, ಬಂದವರು ಯಾರೂ ಎದ್ದು ಹೋಗಬೇಕಾಗಲಿಲ್ಲ. ಈ ಮದುವೆಗೆ ಅಕ್ಕಿ, ಬೆಲ್ಲ ಕೊಡೋರು ಸದ್ದಿಲ್ಲದೆ ಅಡುಗೆಮನೆಯಲ್ಲಿ ಕೊಟ್ಟು ಹೋಗಿ. ಮೈಕಿನಲ್ಲಿ ನಾನು ಯಾರ ಹೆಸರೂ ಓದೋದಿಲ್ಲ.

ಮೊನ್ನೆ ತಮ್ಮ ಫೋನ್ ಮಾಡಿದ್ದ. ಡ್ರೋನ್ ತೆಗೆದನಂತೆ. ದೊಡ್ಡಪ್ಪನನ್ನು ಕರೆಯೋಕೆ ಭಾನುವಾರ ಊರಿಗೆ ಹೋಗ್ತಾನೆ. ಫೋಟೊ ಶೂಟ್ ಬಗ್ಗೆ ಹುಡುಗಿ ಜೊತೆ ಇನ್ನೂ ಮಾತು ನಡೆದಿದೆ. ಅವರಿಬ್ಬರಿಗಾಗಿ ಈಗ ಪ್ರಾರ್ಥಿಸೋಣ.