ಬಾಣಂತಿಯ ಸಂಬಳ ಯಾರ ಹೊಣೆ?

2017ರಲ್ಲಿ ಸರಕಾರವು ನೌಕರಿಯಲ್ಲಿರುವ ತಾಯಂದಿರ ಸಂಬಳಸಹಿತ ಹೆರಿಗೆ ರಜೆಯನ್ನು, ಮೊದಲೆರಡು ಮಕ್ಕಳಿಗೆ, 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಸಂತೋಷವೇ. ಆದರೆ ಇ.ಎಸ್.ಐ. ಇಲ್ಲದ ಕಡೆ ಆ ಹಣವನ್ನು ಧಣಿಯೇ ಕೊಡಬೇಕು. ಹಾಗಾಗಿ ಕೆಲಸ ಕೊಡುವ ಮುನ್ನವೇ "ಮದುವೆ ಯಾವಾಗ?" ಎಂದು ಕೇಳುವವರಿದ್ದಾರೆ. ಮಕ್ಕಳನ್ನು ನೋಡಿಕೊಂಡ ಕಾರಣಕ್ಕೆ ತಾಯಿಗೆ ನಷ್ಟವಾಗಬಾರದೆಂದು ಪೋಪ್ ಎರಡನೇ ಜಾನ್ ಪೌಲರು 1981ರ ವಿಶ್ವಪತ್ರದಲ್ಲಿ ಬರೆದಿದ್ದರು. ಮಗು ಸಮಾಜದ್ದಾದರೆ ಖರ್ಚು ಒಬ್ಬ ಧಣಿಯದೇ ಏಕೆ?

ಧಣಿಗಳ ಮಾತು ಹಾಗಿರಲಿ. ಮನೆಗೆಲಸದವರಿಗೆ ಈ ರಜೆ ತಲುಪಿಲ್ಲ. ನಮ್ಮ ಮನೆಯ ಪಾತ್ರೆ ತೊಳೆಯುತ್ತಿದ್ದಾಕೆ ಏಳು ತಿಂಗಳಾದಾಗ, "ಅಕ್ಕಾ, ಹೆರಿಗೆಯಾದ ಮೇಲೆ ಬರಲಾ?" ಎಂದಳು. "ಬಾ" ಎಂದೆ, ಸಂಬಳದ ಮಾತೆತ್ತಲಿಲ್ಲ. ಹೆರಿಗೆಯಾದ ಇಪ್ಪತ್ತನೆಯ ದಿನಕ್ಕೇ ಆಕೆ ಬಾಗಿಲಲ್ಲಿ ನಿಂತಿದ್ದಳು. ಒಳಗೆ ನನ್ನ ಸೊಸೆ, ಆರು ತಿಂಗಳ ರಜೆಯಲ್ಲಿ, ಎಣ್ಣೆಸ್ನಾನ ಮುಗಿಸಿ ಮಲಗಿದ್ದಳು.