ಅವಳಿಗೂ ಹೇಳಿ

ಹದಿಮೂರರ ಹುಡುಗಿ ಸ್ಕೂಲಿಗೆ ಹೊರಡುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಕೂತರೆ, ಇವತ್ತು ಟೆಸ್ಟ್ ಇರಬೇಕು ಎಂದೇ ಮನೆಯವರಿಗೆ ಮೊದಲ ಅನುಮಾನ. ಆಮೇಲೆ ಜಂತುಹುಳದ ಮಾತ್ರೆ, ಓಮದ ಕಷಾಯ, ದೃಷ್ಟಿ ತೆಗೆಯುವುದು. ನಾಲ್ಕು ದಿನಕ್ಕೆ ನೋವು ತಾನಾಗಿ ಇಳಿಯುವುದರಿಂದ ಎಲ್ಲ ಮದ್ದೂ ಫಲಿಸಿದಂತೆ ಕಾಣುತ್ತದೆ. ಮುಂದಿನ ತಿಂಗಳು ಮತ್ತೆ ಅದೇ ನೋವು. ಎದೆ ಬೆಳೆದಿದೆ, ಮೈ ತುಂಬಿಕೊಂಡಿದೆ, ಮುಟ್ಟು ಮಾತ್ರ ಬಂದಿಲ್ಲ.

ಈ ಎರಡನ್ನೂ ಸೇರಿಸಿ ನೋಡುವವರು ಬೇಕು. ಕನ್ಯಾಪೊರೆಯಲ್ಲಿ ಹುಟ್ಟಿನಿಂದಲೇ ದಾರಿ ಇಲ್ಲದಿದ್ದರೆ ತಿಂಗಳ ರಕ್ತ ಹೊರಬರಲಾರದೆ ಒಳಗೇ ನಿಲ್ಲುತ್ತದೆ. ಅದು ತುಂಬುತ್ತಾ ಹೋಗಿ ಕೆಲವರಿಗೆ ಮೂತ್ರವೇ ಕಟ್ಟಿಕೊಳ್ಳುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ವೈದ್ಯೆ ಹುಡುಗಿಗೆ ವಿಷಯ ತಿಳಿಸಿ, ಅವಳು ಹೂಂ ಎಂದ ಮೇಲೆ, ತಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೊರಗಿನಿಂದ ನೋಡಿದರೆ ಸಾಕು, ನೀಲಿಛಾಯೆಯ ಉಬ್ಬಿದ ಪೊರೆ ಕಾಣುತ್ತದೆ. ಹೊಟ್ಟೆಯ ಮೇಲಿನ ಸ್ಕ್ಯಾನಿಂಗಿನಲ್ಲಿ ಒಳಗೆ ನಿಂತ ರಕ್ತ ಗೊತ್ತಾಗುತ್ತದೆ. ಅರಿವಳಿಕೆ ಕೊಟ್ಟು ಪೊರೆ ಬಿಡಿಸಿದರೆ ಕಪ್ಪಗೆ, ಮಂದವಾಗಿ ನಿಂತಿದ್ದ ರಕ್ತ ಹರಿದುಹೋಗುತ್ತದೆ. ಸೂಜಿ ಚುಚ್ಚಿ ಎಳೆಯುವುದು ಬೇಡ, ಸೋಂಕು ಒಳಸೇರುತ್ತದೆ. ತಡೆ ಇನ್ನೂ ಮೇಲಿದ್ದರೆ ಎಂಆರ್‌ಐ ನೋಡದೆ ಆಪರೇಷನ್ನಿಗೆ ಕೈಹಾಕಬಾರದು.

“ಪೊರೆ ಕೊಯ್ದ್ರೆ ಮುಂದೆ ಮದ್ವೆಗೆ ತೊಂದ್ರೆ ಆಗಲ್ವಾ ಮೇಡಂ?” ಎಂದು ತಾಯಂದಿರು ಕೇಳುತ್ತಾರೆ. ಆ ಭಯವನ್ನು ಗದರಿಸಿ ಅಡಗಿಸಬಾರದು. ಪೊರೆಗೂ ಶೀಲಕ್ಕೂ ಸಂಬಂಧವಿಲ್ಲ, ಹಾಗೇ ಬಿಟ್ಟರೆ ರಕ್ತ ಗರ್ಭನಾಳದವರೆಗೂ ಏರಬಹುದು ಎಂದು ಕೂತು ಹೇಳಬೇಕು.

ನೋವೂ ಇಲ್ಲದೆ ಮುಟ್ಟೂ ಬರದ ಹುಡುಗಿಯರ ಸಂಗತಿ ಇದಕ್ಕಿಂತ ಭಾರವಾದದ್ದು. 15 ತುಂಬಿದರೂ ಮುಟ್ಟಾಗದಿದ್ದರೆ ತೋರಿಸಲೇಬೇಕು. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಗರ್ಭಕೋಶ ಹುಟ್ಟಿನಿಂದಲೇ ಬೆಳೆದಿರುವುದಿಲ್ಲ, ಯೋನಿಯೂ ಪೂರ್ತಿಯಾಗಿರುವುದಿಲ್ಲ. ರಿಪೋರ್ಟಿನಲ್ಲಿ ಎಂಆರ್‌ಕೆಎಚ್ ಎಂದಿರುತ್ತದೆ. ಅಂಡಾಶಯಗಳು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತವೆ. ಅವಳು ಹೆಣ್ಣೇ, ಇದರಲ್ಲಿ ಅವಳ ತಪ್ಪಿಲ್ಲ, ಅವಳನ್ನು ಹೆತ್ತವಳ ತಪ್ಪೂ ಇಲ್ಲ.

ಇಂಥ ಸುದ್ದಿಯನ್ನು ಅಪ್ಪ ಅಮ್ಮನನ್ನಷ್ಟೇ ಒಳಗೆ ಕರೆದು, ಹುಡುಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಹೇಳುವುದನ್ನು ನನ್ನಿಂದ ಒಪ್ಪಲಾಗದು. ಅಮ್ಮ ಕಣ್ಣೊರೆಸಿಕೊಂಡು ಹೊರಬಂದಾಗ ಆ ಮಗು ಏನೆಂದು ಊಹಿಸಿಕೊಳ್ಳಬೇಕು? “ಆಪರೇಷನ್ ಈಗ್ಲೇ ಮುಗಿಸಿಬಿಡಿ” ಎಂದು ಹೆತ್ತವರು ಅವಸರ ಮಾಡುವುದುಂಟು. ಆದರೆ ಯೋನಿಯ ಚಿಕಿತ್ಸೆಗೆ ಅಂಥ ಅವಸರವೇ ಇಲ್ಲ. ಪ್ರಾಯಕ್ಕೆ ಬಂದ ಮೇಲೆ ಅವಳೇ ಬೇಕೆಂದಾಗ, ಯೋನಿಯನ್ನು ದಿನವೂ ಸ್ವಲ್ಪಸ್ವಲ್ಪವಾಗಿ ಹಿಗ್ಗಿಸುವ ಡೈಲೇಟರ್ ಎಂಬ ಸಾಧನ ಬಳಸಿ, ಬಹಳಷ್ಟು ಮಂದಿಗೆ ಕೊಯ್ಯದೆಯೇ ಸಾಧ್ಯವಾಗುತ್ತದೆ. ಮಗು ಬೇಕೆನ್ನುವ ದಿನ ಬಂದರೆ ದತ್ತು ಇದೆ. ಗರ್ಭಕೋಶವಿಲ್ಲದ ವಿವಾಹಿತೆಗೆ 2021ರ ಬಾಡಿಗೆ ತಾಯ್ತನ ಕಾಯ್ದೆಯಡಿ ಷರತ್ತುಗಳೊಂದಿಗೆ ಅವಕಾಶವೂ ಇದೆ.

ಗರ್ಭದಲ್ಲಿ ಈ ಅಂಗಗಳೂ ಮೂತ್ರಪಿಂಡವೂ ಒಟ್ಟೊಟ್ಟಿಗೆ ರೂಪುಗೊಳ್ಳುವುದರಿಂದ ಇಂಥ ಕೆಲವು ಹುಡುಗಿಯರಿಗೆ ಒಂದೇ ಮೂತ್ರಪಿಂಡ ಇರುತ್ತದೆ. ಅದನ್ನೂ ಸ್ಕ್ಯಾನಿಂಗ್ ಮಾಡಿ ನೋಡಬೇಕು. ನೋಡಿದ್ದನ್ನು ಅವಳಿಗೆ ಹೇಳಬೇಕು, ರಿಪೋರ್ಟಿನ ಒಂದು ಪ್ರತಿಯನ್ನು ಅವಳ ಕೈಗೇ ಕೊಡಬೇಕು. ನಾಳೆ ಹಾಸ್ಟೆಲ್ಲಿನಲ್ಲಿ ಜ್ವರ ಬಂದು, ನೋವಿನ ಮಾತ್ರೆ ಬರೆಯುವ ವೈದ್ಯರು “ಬೇರೇನಾದ್ರೂ ತೊಂದ್ರೆ ಇದೆಯೇನಮ್ಮ?” ಎಂದು ಕೇಳಿದಾಗ ಉತ್ತರ ಹೇಳಬೇಕಾದವಳು ಅವಳೇ.